ಬಾರ್ಸೆಲೋರ್ ಅಜ್ಜಿಯ ಕಡೆಯವನು

ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ಕನ್ನಡಿಯ ಮುಂದೆ ನಿಂತ ಉಪೇಂದ್ರನಿಗೆ, ಮುನ್ನೂರು ವರ್ಷಗಳ ಹಿಂದೆ ಸತ್ತ ಹೆಂಗಸೊಬ್ಬಳ ಕಡೆಯವನಂತೆ ಕಾಣಿಸಲು ಯಾವ ಅಂಗಿ ಹಾಕಿಕೊಳ್ಳಬೇಕೆಂಬುದು ಬಗೆಹರಿಯಲಿಲ್ಲ. ನಿಮ್ಮ ಕಡೆಯ ಉಡುಪಿನಲ್ಲಿ ಬಂದರೆ ಎಲ್ಲರಿಗೂ ಸಂತೋಷವಾಗುತ್ತದೆ ಎಂದು ಕಚೇರಿಯ ಮೇಲಧಿಕಾರಿ ಕೋಬಸ್ ಎರಡು ಸಲ ಹೇಳಿದ್ದ. ಉಪೇಂದ್ರನ ಬಳಿ ಅಂಥದ್ದು ಇದ್ದದ್ದು ಒಂದೇ: ಕನ್ನಡ ಸಂಘದ ದೀಪಾವಳಿಗೆಂದು ಫ್ರಾಂಕ್‌ಫರ್ಟಿನ ಅಂಗಡಿಯೊಂದರಲ್ಲಿ ಕೊಂಡ, ಪಂಜಾಬಿನವರು ಮದುವೆಗೆ ಹಾಕುವಂಥ ನೇರಳೆ ಬಣ್ಣದ ಕುರ್ತಾ. ಇದನ್ನು ತೊಟ್ಟರೆ ಬಸರೂರಿನ ಯಾವ ಅಜ್ಜಿಯೂ ತನ್ನನ್ನು ಮೊಮ್ಮಗನೆಂದು ಒಪ್ಪಲಾರಳು ಎಂದುಕೊಳ್ಳುತ್ತಲೇ ಗುಂಡಿ ಹಾಕತೊಡಗಿದ. ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ಹೆಂಡತಿ ಊರ್ಮಿಳಾ ಬಾಗಿಲಲ್ಲಿ ನಿಂತು ನೋಡಿದಳು. ಅವಳು ಮೈಸೂರಿನವಳು, ಮಕ್ಕಳ ಡಾಕ್ಟರು; ಮಕ್ಕಳಿಗೆ ನೋವಾಗುತ್ತದೆ ಎಂದು ಮೊದಲೇ ಹೇಳಿ ಸೂಜಿ ಚುಚ್ಚುವುದು ಅವಳ ಪದ್ಧತಿ. "ರೀ, ಯಾರದೋ ಅಜ್ಜಿಗೆ ನೀವ್ಯಾಕೆ ವಾರಸುದಾರರು? ಒಂದು ನೋ ಹೇಳಕ್ಕೂ ನಿಮಗೆ ಮುಂಚೆನೇ ಬುಕ್ ಮಾಡಿದ ಟರ್ಮಿನ್ ಬೇಕಾ?" ಎಂದಳು. ಅವನು ಇವತ್ತು ಒಂದು ದಿನ ಮುಗಿಯಲಿ ಎಂದ. ಹೋದ ನವೆಂಬರಿನಿಂದಲೂ ಅವನು ಅದನ್ನೇ ಹೇಳುತ್ತ ಬಂದಿದ್ದ.

ನವೆಂಬರಿನಲ್ಲಿ ಆದದ್ದು ಇಷ್ಟೇ. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಆ ಕಚೇರಿಯಲ್ಲಿ, ಆಕಾಶದಲ್ಲಿ ಸುತ್ತುವ ಉಪಗ್ರಹಗಳು ಹಳೆಯ ರಾಕೆಟ್ಟುಗಳ ಚೂರುಗಳಿಗೆ ಢಿಕ್ಕಿ ಹೊಡೆಯದಂತೆ ಲೆಕ್ಕ ಹಾಕುವ ವಿಭಾಗದಲ್ಲಿ, ಉಪೇಂದ್ರ ಹದಿನೇಳು ವರ್ಷದಿಂದ ಇದ್ದ. ಕೋಬಸ್ ಹಾಸಲ್‌ಬಾಖ್ ಅವನ ಮೇಲಿನವನು. ದಕ್ಷಿಣ ಆಫ್ರಿಕಾದ ಬಿಳಿಯ, ಆಫ್ರಿಕಾನರ್. ಆರೂಕಾಲಡಿ ಎತ್ತರ, ನಕ್ಕರೆ ಕ್ಯಾಂಟೀನಿನ ಚಮಚಗಳು ಅಲುಗುತ್ತಿದ್ದವು. ಆರು ವರ್ಷದಲ್ಲಿ ಒಂದು ಸಲವೂ ಉಪೇಂದ್ರನ ಹೆಸರನ್ನು ಪೂರ್ತಿ ಹೇಳಿರಲಿಲ್ಲ. ಮೀಟಿಂಗಿನಲ್ಲಿ ಅವನ ಕಡೆ ಕೈ ತೋರಿಸಿ 'ನಮ್ಮ ಮಿತ್ರರು' ಎನ್ನುತ್ತಿದ್ದ. ಆ ದಿನ ತಟ್ಟೆ ಹಿಡಿದು ಎದುರಿಗೆ ಬಂದು ಕೂತವನು, ನೀವು ಭಾರತದ ಯಾವ ಭಾಗದವರು ಎಂದು ಕೇಳಿದ. ಮಂಗಳೂರಿನ ಹತ್ತಿರ ಎಂದ ಉಪೇಂದ್ರ, ಇಪ್ಪತ್ತು ವರ್ಷದಿಂದ ಎಲ್ಲರಿಗೂ ಹೇಳಿದಂತೆ. ಹತ್ತಿರ ಎಂದರೆ ಎಲ್ಲಿ ಎಂದ ಕೋಬಸ್. ಯಾರೂ ಕೇಳಿರದ ಎರಡನೆಯ ಪ್ರಶ್ನೆ ಅದು. ಬಸರೂರು ಎಂದಾಗ ಕೋಬಸ್‌ನ ಮುಖ ಬಿಳಿಚಿ, ಆಮೇಲೆ ಕೆಂಪಾಯಿತು. ಫೋನು ತೆಗೆದು ಒಂದು ಹಳೆಯ ಚರ್ಚಿನ ಪುಸ್ತಕದ ಫೋಟೋ ತೋರಿಸಿದ. ಸುಸಾನ್ನ ಫಾನ್ ಬಾರ್ಸೆಲೋರ್ ಎಂದಿತ್ತು. ಬಾರ್ಸೆಲೋರ್ ಎಂದರೆ ಡಚ್ಚರ ಬಾಯಲ್ಲಿ ಬಸರೂರು. ಸುಸಾನ್ನ ಎಂದರೆ, ಅಲ್ಲಿಂದ ಹಡಗಿನಲ್ಲಿ ದಕ್ಷಿಣ ಆಫ್ರಿಕಾದ ಕೇಪಿಗೆ ಹೋದ ಗುಲಾಮ ಹೆಂಗಸು, ಕೋಬಸ್‌ನ ವಂಶದ ಮೂಲ ಅಜ್ಜಿ.

ಕೋಬಸ್‌ನ ಮನೆತನದವರು ತಾವು ಅಪ್ಪಟ ಯುರೋಪಿನವರೆಂದೇ ನಂಬಿ ಹತ್ತು ತಲೆಮಾರು ಬದುಕಿದ್ದರಂತೆ. ಎಂಜಲನ್ನು ಶೀಶೆಯಲ್ಲಿ ಹಾಕಿ ಕಳಿಸಿದ ಡಿಎನ್‌ಎ ಪರೀಕ್ಷೆಯಲ್ಲಿ ಬೇರೆಯೇ ಬಂತು: ಡಚ್ಚರು ಇಷ್ಟು, ಜರ್ಮನರು ಇಷ್ಟು, ಧರ್ಮದ ಕಾರಣಕ್ಕೆ ಓಡಿಬಂದ ಫ್ರೆಂಚರು ಇಷ್ಟು, ಕೇಪಿನ ಮೂಲ ನಿವಾಸಿಗಳಾದ ಖೋಯ್ ಜನ ಇಷ್ಟು, ಜಾವಾದವರು ಚೂರು, ಮತ್ತೆ ಭಾರತ ಒಂದೂವರೆ. ಒಂದೂವರೆ ಎಂದರೆ ಶೇಕಡಾ ಒಂದೂವರೆ. ಕೋಬಸ್ ಅದನ್ನು ಹೇಳುವಾಗ ಮೊದಲ ಸಲ ಉಪೇಂದ್ರನ ಕಣ್ಣು ನೋಡಿ ಮಾತಾಡಿದ. ಆ ನೋಟ ಹಿತವಾಗಿತ್ತು. ಅವಳು ನಿಮ್ಮ ಮನೆತನದವಳೇ ಆಗಿರಬಹುದಲ್ಲವೇ ಎಂದು ಕೇಳಿದಾಗ ಉಪೇಂದ್ರ, ಸಾಧ್ಯ ಎಂದುಬಿಟ್ಟ. ಅವನ ಕೆಲಸದಲ್ಲಿ ಆ ಮಾತಿಗೆ ಬೇರೆ ತೂಕ. ಹತ್ತು ಸಾವಿರಕ್ಕೆ ಒಂದರಷ್ಟು ಸಾಧ್ಯ ಎಂದರೂ ಉಪಗ್ರಹವನ್ನು ದಾರಿಯಿಂದ ಸರಿಸುತ್ತಾರೆ. ಸರಿಸಬೇಕಾದವನು ಈಗ ತಾನೇ ಎಂದು ಗೊತ್ತಾಗುವುದರೊಳಗೆ ಕೋಬಸ್ ಅವನಿಗೂ ಒಂದು ಶೀಶೆ ತರಿಸಿಕೊಟ್ಟಿದ್ದ. ಆರು ವಾರದ ಮೇಲೆ ಬಂದ ಉತ್ತರದಲ್ಲಿ ಇಬ್ಬರಿಗೂ ಯಾವ ಸಂಬಂಧವೂ ಕಾಣಲಿಲ್ಲ. ಉಪೇಂದ್ರ ಹಗುರಾದ. ಕೋಬಸ್ ಮಾತ್ರ, ಇಷ್ಟು ತಲೆಮಾರಾದ ಮೇಲೆ ರಕ್ತದಲ್ಲಿ ಗುರುತು ಅಳಿಸಿಹೋಗುವುದೇ ಸಹಜ, ಕಾಣದಿರುವುದು ಇಲ್ಲ ಎಂಬುದಕ್ಕೆ ಸಾಕ್ಷಿಯಲ್ಲ ಎಂದು ಅವನ ಬೆನ್ನು ತಟ್ಟಿದ. ಅದೂ ಲೆಕ್ಕದ ಪ್ರಕಾರ ಸರಿಯಾಗಿಯೇ ಇತ್ತು. ಕ್ಯಾಂಟೀನಿನ ಆ ಮೊದಲ ದಿನವೇ ಇನ್ನೊಂದು ಪ್ರಶ್ನೆಯನ್ನೂ ಕೇಳಿದ್ದ: ಅವಳನ್ನು ಬಸರೂರಿನಲ್ಲಿ ಹಡಗಿನವರಿಗೆ ಮಾರಿದ್ದು ಯಾರಿರಬಹುದು? ಪೋರ್ಚುಗೀಸರಿರಬೇಕು ಎಂದು ಉಪೇಂದ್ರ ಬೇಗ ಹೇಳಿದ್ದ, ಆಲೂಗಡ್ಡೆ ಬಾಯಲ್ಲಿರುವಾಗಲೇ.

ಮುಖ್ಯ ನಿಲ್ದಾಣದಲ್ಲಿ, ಸಮಾರಂಭದ ಹಳ್ಳಿಗೆ ಹೋಗುವ ಒಡೆನ್‌ವಾಲ್ಡಿನ ಕಡೆಯ ರೈಲು ಹನ್ನೆರಡು ನಿಮಿಷ ತಡವಾಗಿತ್ತು. ಹದಿನೈದು ವರ್ಷದ ಮಗಳು ರಿಯಾ ಜೀನ್ಸಿನಲ್ಲಿ ಬಂದಿದ್ದಳು. ಶಾಲೆಯಲ್ಲಿ ವಸಾಹತುಗಳ ಬಗ್ಗೆ ಒಂದು ರೆಫೆರಾಟ್, ತರಗತಿಯೆದುರು ಪ್ರಬಂಧ, ಕೊಡಬೇಕಿತ್ತು, ಅದಕ್ಕೆ ವಿಷಯ ಸಿಗುತ್ತದೆಂದು ಬಂದಿದ್ದಳೇ ಹೊರತು ಅಪ್ಪನಿಗಾಗಿ ಅಲ್ಲ. ಅವನ ಕುರ್ತಾ ನೋಡಿ "ಪಾಪಾ, ಎಖ್ಟ್ ಪೈನ್ಲಿಶ್" ಎಂದಳು. ನಾಚಿಕೆಗೇಡು ಎಂಬುದಕ್ಕೆ ಜರ್ಮನ್ನಿನಲ್ಲಿ ಇಷ್ಟು ಸಣ್ಣ ಮಾತಿದೆಯಲ್ಲ ಎಂದುಕೊಂಡು ಅವನು ಕಿಟಕಿಯ ಕಡೆ ಕೂತ. ಗೋಧಿಯ ಹೊಲ, ಸೌರ ಫಲಕ, ಮತ್ತೆ ಗೋಧಿಯ ಹೊಲ. ಹಡಗಿಗೆ ಅಕ್ಕಿ ತುಂಬಿದ ಮನೆ ನಮ್ಮದು ಎಂದು ಅಜ್ಜಯ್ಯ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದರು. ಅರಬರ ಹಡಗು, ಪರಂಗಿಯವರ ಹಡಗು, ಡಚ್ಚರ ಹಡಗು, ಬಸರೂರಿನ ಹೊಳೆಯಲ್ಲಿ ಸಾಲುಗಟ್ಟಿ ನಿಲ್ಲುತ್ತಿದ್ದವಂತೆ, ನಮ್ಮ ಮನೆಯ ಆಳುಗಳೇ ಮೂಟೆ ಹೊತ್ತು ಹಾಕುತ್ತಿದ್ದರಂತೆ. ಮಕ್ಕಳೆಲ್ಲ ಎಷ್ಟೋ ಸಲ ಕೇಳಿ ಸಾಕಾದ ಕತೆ. ಮೂಟೆ ಹೊತ್ತು ಹಡಗು ಹತ್ತಿದ ಆಳುಗಳೆಲ್ಲ ತಿರುಗಿ ಇಳಿದರೇ ಎಂದು ಯಾರೂ ಕೇಳಿರಲಿಲ್ಲ. ಅಕ್ಕಿ ಮಾತ್ರವೇ ಎಂದೂ ಕೇಳಿರಲಿಲ್ಲ. ಟಿಕೆಟ್ ನೋಡುವ ಹೆಂಗಸು ಬಂದು ನಿಂತಾಗ ಉಪೇಂದ್ರ ತಪ್ಪು ಮಾಡಿದವನಂತೆ ಎದ್ದು ನಿಂತ. ಅವಳು ಕೂತೇ ತೋರಿಸಬಹುದು ಎಂದಳು. ರಿಯಾ ಕಣ್ಣು ಮುಚ್ಚಿಕೊಂಡಳು.

ಕೋಬಸ್‌ನ ಮೂಲಪುರುಷ ಯೋಹಾನ್, ಅವರು ರೈಲಿಳಿದ ಈ ಹಳ್ಳಿಯ ಬಡಗಿಯ ನಾಲ್ಕನೆಯ ಮಗ, ಡಚ್ ಕಂಪನಿಯ ಸಿಪಾಯಿಯಾಗಿ ಕೇಪಿಗೆ ಹೋಗಿ, ಸುಸಾನ್ನಳನ್ನು ಅವಳ ಒಡೆಯನಿಂದ ಬಿಡಿಸಿ ಮದುವೆಯಾದವನು. ಅವನು ಹುಟ್ಟಿದ ಮನೆಯ ಮುಂದೆ ಫಲಕ ನೆಡುವುದೆಂದು, ದಕ್ಷಿಣ ಆಫ್ರಿಕಾದಿಂದ ನಲವತ್ತೊಂದು ಮಂದಿ ಹಾಸಲ್‌ಬಾಖರು ಬಂದಿದ್ದರು. ಮನೆ ಮಾತ್ರ ಇರಲಿಲ್ಲ. ಅದನ್ನು ಕೆಡವಿದ ಜಾಗದಲ್ಲಿ ಪಾನೀಯಗಳ ದೊಡ್ಡ ಅಂಗಡಿಯಿತ್ತು. ಬಿಯರ್ ಕ್ರೇಟುಗಳು, ನೀರಿನ ಕ್ರೇಟುಗಳು, ಅದರ ಮುಂದೆ ಕಾರು ನಿಲ್ಲಿಸುವ ಬಯಲು. ಆ ಬಯಲಿನ ಅಂಗವಿಕಲರ ಜಾಗದ ಪಕ್ಕದಲ್ಲಿ ಕಲ್ಲನ್ನು ನೆಟ್ಟು ಬಟ್ಟೆ ಮುಚ್ಚಿದ್ದರು. ಎಲ್ಲರ ಎದೆಗೂ ಚೀಟಿ ಅಂಟಿಸುತ್ತಿದ್ದರು. ಯೋಹಾನನ ಹಿರಿಯ ಮಗನ ಸಂತತಿಗೆ ಹಸಿರು, ಎರಡನೆಯವನದ್ದಕ್ಕೆ ಹಳದಿ, ಊರಿನವರಿಗೆ ಬಿಳಿ. ಉಪೇಂದ್ರನ ಸರದಿ ಬಂದಾಗ ಚೀಟಿ ಹಂಚುತ್ತಿದ್ದ ಹುಡುಗಿ ಪಟ್ಟಿಯನ್ನು ಮೇಲೆ ಕೆಳಗೆ ನೋಡಿ, ಕೋಬಸ್‌ನನ್ನು ಕರೆದು, ಕೊನೆಗೆ ಒಂದು ಕೆಂಪು ಚೀಟಿಯಲ್ಲಿ 'ಸುಸಾನ್ನಳ ಕಡೆ' ಎಂದು ಬರೆದು ಅಂಟಿಸಿದಳು. ಇಡೀ ಬಯಲಿನಲ್ಲಿ ಕೆಂಪು ಚೀಟಿ ಅದೊಂದೇ. ರಿಯಾ ತನಗೆ ಊರಿನವರ ಬಿಳಿ ಚೀಟಿ ಸಾಕು ಎಂದು ಜರ್ಮನ್ನಿನಲ್ಲಿ ಹೇಳಿ, ಅದನ್ನೇ ಪಡೆದಳು. ಕೆಂಪು ಚೀಟಿ ನೋಡಿದವರೆಲ್ಲ ಒಬ್ಬೊಬ್ಬರಾಗಿ ಬಂದು ಅವನ ಕೈ ಹಿಡಿದರು. ಒಬ್ಬ ದಪ್ಪನೆಯ ರೈತ ತನ್ನ ಮಗನ ಮುಖವನ್ನು ಉಪೇಂದ್ರನ ಮುಖದ ಪಕ್ಕ ಹಿಡಿದು, ಕಿವಿ ನೋಡಿ, ಅದೇ ಕಿವಿ ಎಂದ. ಹತ್ತು ಹದಿನೈದು ಮಂದಿ ಕಿವಿ ನೋಡಿದರು. ಉಪೇಂದ್ರ ತಲೆಯನ್ನು ಅಲುಗಿಸದೆ ನಿಂತಿದ್ದ. ಅಂಗಡಿಯ ಗಾಜಿನಲ್ಲಿ ನೇರಳೆ ಕುರ್ತಾದ ಒಬ್ಬ ಮನುಷ್ಯ ದನದ ಸಂತೆಯಲ್ಲಿ ನಿಂತಂತೆ ನಿಂತಿದ್ದು ಕಾಣಿಸಿತು. ಹಲ್ಲು ತೋರಿಸು ಎಂದರೆ ತೋರಿಸುತ್ತಿದ್ದೆನಲ್ಲ ಎಂದು ಹೊಳೆದು ಬೆವರಿದ.

ಊರಿನ ಮೇಯರು ಚಿಕ್ಕದಾಗಿ ಮಾತಾಡಿದ. ಆ ಕಾಲದಲ್ಲಿ ಈ ಹಳ್ಳಿಯಿಂದ ಹೊರಗೆ ಹೋಗುತ್ತಿದ್ದ ಸರಕು ಮನುಷ್ಯರೇ ಎಂದ, ಎಲ್ಲರೂ ನಕ್ಕರು. ಬಟ್ಟೆ ಸರಿಸಿದರು. ಕಲ್ಲಿನ ಮೇಲೆ ಯೋಹಾನನ ಹೆಸರು ದೊಡ್ಡದಾಗಿ, ಸುಸಾನ್ನಳ ಹೆಸರು ಅದರ ಕೆಳಗೆ ಇತ್ತು. ಒಂದು ನಿಮಿಷ ಮೌನ ಎಂದರು. ಆ ನಿಮಿಷದಲ್ಲಿ ಅಂಗಡಿಯ ಬಾಗಿಲ ಹತ್ತಿರ ಮುದುಕನೊಬ್ಬ ಖಾಲಿ ಬಾಟಲಿಗಳನ್ನು ಯಂತ್ರಕ್ಕೆ ಒಂದೊಂದಾಗಿ ಹಾಕುತ್ತಿದ್ದ. ಯಂತ್ರ ಒಂದೊಂದನ್ನೂ ನುಂಗಿ ಕರಕರನೆ ನುರಿಸುತ್ತಿತ್ತು. ಯಾರೂ ಅವನನ್ನು ನಿಲ್ಲು ಎನ್ನಲಿಲ್ಲ. ಬಳಿಕ ಕೋಬಸ್ ಮೈಕಿನ ಮುಂದೆ ಬಂದು ಕಾಗದ ತೆಗೆದ. ಇಂಗ್ಲಿಷಿನಲ್ಲಿ ಓದಿದ: ನಿನ್ನನ್ನು ಕೊಂಡುಕೊಂಡೆವು, ನಿನ್ನ ಹೆಸರು ಬದಲಿಸಿದೆವು, ನಿನ್ನ ಹೊಟ್ಟೆಯಲ್ಲಿ ಹುಟ್ಟಿ ನಿನ್ನನ್ನು ಮರೆತೆವು, ನಿನ್ನ ಬಣ್ಣದವರನ್ನು ಬೇರೆ ಬಾಗಿಲಿನಿಂದ ಬರಲು ಹೇಳಿದೆವು, ಹಾಸಲ್‌ಬಾಖ್ ಮನೆತನ ಇಂದು ನಿನ್ನಲ್ಲಿ ಕ್ಷಮೆ ಕೇಳುತ್ತದೆ. ಹಾಗೆಂದು ಅವನು ಆಕಾಶವನ್ನಾಗಲಿ ಕಲ್ಲನ್ನಾಗಲಿ ನೋಡದೆ ಉಪೇಂದ್ರನನ್ನು ನೋಡಿದ. ನಲವತ್ತೊಂದು ಮಂದಿಯೂ ಅವನನ್ನೇ ನೋಡಿದರು. ಇದನ್ನು ಯಾರೂ ಅವನಿಗೆ ಮೊದಲೇ ಹೇಳಿರಲಿಲ್ಲ. ಕೋಬಸ್ ಮೈಕನ್ನು ಅವನ ಕೈಗೆ ಕೊಟ್ಟು, "ಅವಳ ಭಾಷೆಯಲ್ಲೇ ಹೇಳಿ, ಪ್ಲೀಸ್" ಎಂದು ಪಿಸುಗುಟ್ಟಿದ.

ಎಲ್ಲರಿಗೂ ನಮಸ್ಕಾರ ಎಂದ ಉಪೇಂದ್ರ. ಅದು ಕನ್ನಡ ಸಂಘದ ಕನ್ನಡ. ಕ್ಷಮಿಸಿದ್ದೇನೆ ಎಂದು ಒಂದು ಮಾತು ಹೇಳಿಬಿಟ್ಟರೆ ಮುಗಿಯಿತು, ಕೇಕು ಕಾಫಿ ಎಲ್ಲ ಕಾದಿವೆ. ಆದರೆ ಕ್ಷಮಿಸಬೇಕಾದವನು ನಾನೇ ಎಂಬುದು ಬಾಯಿಂದ ಹೊರಡಲಿಲ್ಲ. ಯಾರ ಪರವಾಗಿ? ಮೂಟೆ ಹೊರಿಸಿದವನ ಮೊಮ್ಮಗ, ಮೂಟೆಯ ಪರವಾಗಿಯೇ? ಮೈಕು ಸುಯ್‌ಗುಟ್ಟಿತು. ಆಗ, ಇಪ್ಪತ್ತು ವರ್ಷದಿಂದ ಮನೆಯಲ್ಲೂ ಆಡಿರದ ಕುಂದಾಪುರದ ಕನ್ನಡ ಅವನ ಬಾಯಿಗೆ ತಾನಾಗಿಯೇ ಬಂತು.

"ನಮ್ಮನೀಗೆ ಬಚ್ಚಿ ಅಂದ್ ಒಬ್ಳ್ ಕೆಲ್ಸಕ್ಕೆ ಬತ್ತಿದ್ಲ್. ಅಂಗ್ಳದಿಂದ ಒಳ್ಗೆ ಬಪ್ಪಂಗಿಲ್ಲ. ನೀರ್ ಬೇಕಂದ್ರೆ ಗೆರಟಿ ಹಿಡ್ಕಂಡ್ ಕೂಕಂತಿದ್ಲ್, ನಾನ್ ಮೇಲಿಂದ ಹೊಯ್ತಿದ್ದೆ. ಒಂದಿನ ಕಂಚಿನ ಗಿಂಡಿ ನನ್ ಕೈಯಿಂದ ಬಾವಿಗ್ ಬಿತ್ತ್. ಅಜ್ಜಯ್ಯ ಕೇಂಡಾಗ ನಾನ್ ಬಚ್ಚಿ ಬದಿಗ್ ಕಂಡೆ. ಬಾಯ್ ಬಿಟ್ ಎಂತದೂ ಹೇಳ್ಲಿಲ್ಲ. ಬರೀ ಕಂಡೆ, ಅಷ್ಟೆ. ಮರುದಿನದಿಂದ ಅವ್ಳ್ ಬರ್ಲಿಲ್ಲ."

ಇಷ್ಟು ಹೇಳಿ ನಿಲ್ಲಿಸಿದ. ಮುಂದೆ ಹೇಳಲು ಇದ್ದದ್ದು ಇಷ್ಟು: ಮುಂದಿನ ಬೇಸಿಗೆಯಲ್ಲಿ ಬಾವಿ ಬತ್ತಿದಾಗ ಗಿಂಡಿ ಸಿಕ್ಕಿತು, ಎಲ್ಲರೂ ನೋಡಿದರು, ಅಜ್ಜಿ ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಬೆಳಗಿ ಒಳಗಿಟ್ಟಳು, ಆ ಮಾತು ಯಾರ ಬಾಯಲ್ಲೂ ಬರಲಿಲ್ಲ. ಅದನ್ನು ಹೇಳದೆ ಮೈಕನ್ನು ಕೆಳಗಿಳಿಸಿದ. ಅವನ ಕಣ್ಣಲ್ಲಿ ನೀರು ಕಂಡು ದಪ್ಪನೆಯ ರೈತ ಬಿಕ್ಕಿದ. ಅವನ ಹಿಂದೆ ಇಬ್ಬರು ಹೆಂಗಸರು ಅತ್ತರು. ಯಾರೋ ಚಪ್ಪಾಳೆ ಹೊಡೆದರು, ಯಾರೋ ಪ್ರಾರ್ಥನೆಯ ಹಾಡು ಎತ್ತಿದರು, ಹಸಿರು ಚೀಟಿಯವರೂ ಹಳದಿ ಚೀಟಿಯವರೂ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿದರು. ಕೋಬಸ್ ಅವನನ್ನು ಅಪ್ಪಿಕೊಂಡಾಗ ಉಪೇಂದ್ರನ ಕನ್ನಡಕ ಅವನ ಎದೆಗೆ ಒತ್ತಿ ಸೊಟ್ಟಗಾಯಿತು. ಕ್ಷಮೆ ಸಿಕ್ಕಿತ್ತು. ಕೊಟ್ಟವರು ಯಾರೂ ಇರಲಿಲ್ಲ.

ಕೇಕಿನ ಮೇಜಿನ ಹತ್ತಿರ ಒಬ್ಬ ಮುದುಕಿ ಅವನ ತೋಳು ಹಿಡಿದು ಪಕ್ಕದ ಬೆಂಚಿನಲ್ಲಿ ಕೂರಿಸಿದಳು. ಕೋಬಸ್‌ನ ಸೋದರತ್ತೆ ಹೆಸ್ಟರ್, ಎಂಬತ್ತಮೂರು ವರ್ಷ; ಎಲ್ಲರೂ ಟಾನಿ ಹೆಸ್ಟರ್ ಎನ್ನುತ್ತಿದ್ದರು, ಟಾನಿ ಎಂದರೆ ಅವರಲ್ಲಿ ಅತ್ತೆ ಚಿಕ್ಕಮ್ಮ ಎಲ್ಲವೂ. ಒಣ ಬಯಲು ಸೀಮೆಯ ಜಮೀನಿನಲ್ಲಿ ಅರುವತ್ತು ವರ್ಷ ಮನೆ ನಡೆಸಿದವಳಂತೆ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, "ನೀವು ನಮ್ಮನ್ನು ಕ್ಷಮಿಸಲಿಲ್ಲ, ಅಲ್ಲವಾ?" ಎಂದಳು.

ಉಪೇಂದ್ರ ಫೋರ್ಕಿನಿಂದ ಕೇಕನ್ನು ಎರಡು ಮಾಡಿದ, ನಾಲ್ಕು ಮಾಡಿದ.

ಭಾಷೆ ತನಗೆ ತಿಳಿಯಲಿಲ್ಲ, ಆದರೆ ಆ ದನಿ ಗೊತ್ತು ಎಂದಳು ಮುದುಕಿ. ಮನೆಯ ಕೆಲಸದವಳ ಬಗ್ಗೆ, ಅವಳು ಹೋದ ಮೇಲೆ ಆಡುವ ಮಾತಿನ ದನಿ. ತಮ್ಮಲ್ಲಿ ಲೇನಾ ಎಂಬವಳಿದ್ದಳು, ಮೂವತ್ತು ವರ್ಷ. ಹೆಸ್ಟರಳ ಮೂರು ಮಕ್ಕಳನ್ನೂ ಬೆನ್ನಿಗೆ ಕಟ್ಟಿಕೊಂಡು ಸಾಕಿದವಳು. ಅವಳ ತಗಡಿನ ಮಗ್ಗು ಹಿತ್ತಿಲ ಬಾಗಿಲ ಹೊರಗೆ ಬೇರೆ ಮೊಳೆಯಲ್ಲಿ ನೇತಾಡುತ್ತಿತ್ತು. ಹೆಸ್ಟರ್ ತಾನೇ ಹೊಡೆದ ಮೊಳೆ. ಇಷ್ಟು ಹೇಳಿ ಅವಳು ಉಪೇಂದ್ರನ ಮುಖ ನೋಡಿದಳು. ನಮ್ಮಲ್ಲಿ ತೆಂಗಿನ ಗೆರಟೆ ಎಂದ ಅವನು. ಮುದುಕಿ ತಲೆಯಾಡಿಸಿದಳು, ಅಡುಗೆಯ ಅಳತೆಯೊಂದನ್ನು ಕೇಳಿ ತಿಳಿದುಕೊಂಡವಳಂತೆ. "ಕಿವಿಯಲ್ಲಿ ನನಗೆ ನಂಬಿಕೆ ಇರಲಿಲ್ಲ. ಈಗ ನೀವು ನಮ್ಮವರೇ ಅನ್ನಿಸುತ್ತಿದೆ" ಎಂದು ತನ್ನ ತಟ್ಟೆಯ ಚೆರಿಯನ್ನು ಅವನ ತಟ್ಟೆಗೆ ಹಾಕಿದಳು. ಅವನಿಗೆ ಅದನ್ನು ತಿನ್ನದೆ ಇರಲಾಗಲಿಲ್ಲ.

ಪಕ್ಕದ ಊರ ಸಭಾಂಗಣದೊಳಗೆ ಹಾಸಲ್‌ಬಾಖರ ವಂಶದ ದೊಡ್ಡ ಪುಸ್ತಕವನ್ನು ಬಿಚ್ಚಿಟ್ಟಿದ್ದರು. ಸುಸಾನ್ನಳ ಪುಟದ ಮುಂದೆ ಉಪೇಂದ್ರ ಬಹಳ ಹೊತ್ತು ನಿಂತ. ಅವಳು ಕೇಪಿಗೆ ಬಂದಿಳಿದ ಹಡಗು, ದೀಕ್ಷಾಸ್ನಾನದ ದಿನ, ಏಳು ಮಕ್ಕಳು, ಅದರಲ್ಲಿ ಉಳಿದ ಐದು, ಸತ್ತ ದಿನ, ಸತ್ತ ಮನೆ, ಆಗ ಅವಳ ಪೆಟ್ಟಿಗೆಯಲ್ಲಿದ್ದ ಎರಡು ಲಂಗ ಒಂದು ಕಬ್ಬಿಣದ ಬಾಣಲೆ. ಮರೆತೆವು ಎಂದು ಅತ್ತವರು ಇಷ್ಟನ್ನು ಬರೆದಿಟ್ಟುಕೊಂಡೇ ಮರೆತಿದ್ದರು. ಅವನು ಹೊರಗೆ ಬಂದು, ಕ್ರೇಟುಗಳ ಹಿಂದೆ ನಿಂತು, ಕುಂದಾಪುರದಲ್ಲಿದ್ದ ಅಕ್ಕ ಮಧುಮತಿಗೆ ಫೋನು ಮಾಡಿದ. ಅಲ್ಲಿ ಸಂಜೆ, ಅಕ್ಕ ದೇವರಿಗೆ ದೀಪ ಹಚ್ಚುತ್ತಿದ್ದಳು. ಬಚ್ಚಿ ಎಲ್ಲಿಗೆ ಹೋದಳು, ಅವಳ ಕಡೆಯವರು ಯಾರಾದರೂ ಇದ್ದಾರಾ ಎಂದು ಕೇಳಿದ.

"ಯಾವ ಬಚ್ಚಿ?" ಎಂದಳು ಅಕ್ಕ.

ಗಿಂಡಿಯ ಕತೆ ನೆನಪಿಸಿದ. ಗಿಂಡಿ ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ಅದು ಈಗಲೂ ತನ್ನ ಮನೆಯಲ್ಲೇ ಇದೆ ಎಂದಳು. "ಬಚ್ಚಿ ಅಂದ್ರೆ ಹೆಸ್ರಾ ಮಾರಾಯಾ? ಅಂಗ್ಳಕ್ಕೆ ಕೆಲ್ಸಕ್ಕೆ ಬಪ್ಪೋರಿಗೆಲ್ಲ ಅಜ್ಜಿ ಬಚ್ಚಿ ಅಂದೇ ಕರೀತಿದ್ರ್. ಒಬ್ಳ್ ಹ್ವಾರೆ ಇನ್ನೊಬ್ಳ್ ಬಚ್ಚಿ."

"ಹಂಗಾರೆ ಅವ್ಳ ಹೆಸ್ರೆಂತ?"

"ಯಾರ್ ಕೇಂಡಿದ್ರ್?" ಎಂದ ಅಕ್ಕ, ಮಳೆಗಾಲಕ್ಕೆ ಮೊದಲು ಹಲಸಿನ ಹಪ್ಪಳ ಕಳಿಸುವುದಾ ಬೇಡವಾ ಎಂದು ವಿಚಾರಿಸಿದಳು. ಕಳಿಸು ಎಂದ.

ತಿರುಗಿ ಸಭಾಂಗಣಕ್ಕೆ ಬಂದಾಗ ಕೋಬಸ್ ಪುಸ್ತಕದ ಮೇಲೆ ಬಗ್ಗಿ, ಸುಸಾನ್ನಳ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಚುಕ್ಕೆ ಗೆರೆ ಎಳೆದಿದ್ದ. ಅದರ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ. ಅಲ್ಲಿ ನಿಮ್ಮ ಹೆಸರು ಎಂದ. ಬೇಡ, ಅಳಿಸಿಬಿಡಿ ಎಂದ ಉಪೇಂದ್ರ. ರಿಯಾ ಕಾಗದದ ತಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತಿದ್ದಳು. ಅವಳು ಕೇಳಿಸಿಕೊಳ್ಳಲಿ ಎಂದೋ, ಕೇಳಿಸಿಕೊಳ್ಳಬಾರದೆಂದೋ ತಿಳಿಯದೆ ಅವನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದ: ತಾನು ಮೈಕಿನಲ್ಲಿ ಹೇಳಿದ್ದು ಕ್ಷಮೆಯಲ್ಲ, ತನ್ನದೇ ಒಂದು ತಪ್ಪು. ಅವಳನ್ನು ಮಾರಿದವರು ಪೋರ್ಚುಗೀಸರು ಎಂದದ್ದು ಬಾಯಿಗೆ ಬಂದ ಮಾತು, ತನಗೆ ಗೊತ್ತಿಲ್ಲ. ತನ್ನ ಮನೆಯವರು ಹಡಗು ತುಂಬಿಸುವವರು. ಅವಳನ್ನು ದೋಣಿ ಹತ್ತಿಸಿದ್ದು ತನ್ನ ಮನೆಯ ಯಾವನೋ ಹಿರಿಯನೇ ಇರಬಹುದು.

"ಸಾಧ್ಯವೇ?" ಎಂದ ಕೋಬಸ್.

"ಸಾಧ್ಯ."

ಇನ್ನು ಕೋಬಸ್ ತನ್ನನ್ನು ಹೊರಗೆ ಕಳಿಸುತ್ತಾನೆ, ಸೋಮವಾರ ಮತ್ತೆ ನಮ್ಮ ಮಿತ್ರರು ಎನ್ನುತ್ತಾನೆ ಎಂದು ಉಪೇಂದ್ರ ಕಾದ. ಕಳಿಸಲಿ ಎಂದೇ ಮನಸ್ಸು ಆಸೆಪಟ್ಟಿತು. ಕೋಬಸ್‌ನ ಕಣ್ಣು ಮಾತ್ರ ಮತ್ತೆ ಒದ್ದೆಯಾಗಿತ್ತು. ಹಾಗಾದರೆ ನಮ್ಮ ಹಾಗೆಯೇ ನೀವೂ ಅಂದ. ಕೊಂಡವರ ಮನೆ ನಮ್ಮದು, ಕೊಟ್ಟವರ ಮನೆ ನಿಮ್ಮದು, ಇದಕ್ಕಿಂತ ಹತ್ತಿರದ ಸಂಬಂಧ ಇನ್ನೇನು ಬೇಕು ಅಂದ. ಪೆನ್ಸಿಲನ್ನು ಕೆಳಗಿಟ್ಟು, ಜೇಬಿನಿಂದ ಶಾಯಿಯ ಪೆನ್ನು ತೆಗೆದು, ಚುಕ್ಕೆಗಳ ಮೇಲೆ ಗಟ್ಟಿಯಾಗಿ ಗೆರೆ ಎಳೆದು, ಪ್ರಶ್ನಾರ್ಥಕ ಚಿಹ್ನೆಯನ್ನು ರಬ್ಬರಿನಿಂದ ಅಳಿಸಿ, ಹೆಸರು ಪೂರ್ತಿ ಹೇಳಿ ಎಂದ.

ಉಪೇಂದ್ರ ಒಂದೊಂದೇ ಅಕ್ಷರ ಹೇಳಿದ. ಕೋಬಸ್ ಎರಡು ಕಡೆ ತಪ್ಪು ಬರೆದ. ರಿಯಾ ಬಗ್ಗಿ ನೋಡಿ, ಪಾಪಾ, ತಪ್ಪಿದೆ ಎಂದು ಕನ್ನಡದಲ್ಲೇ ಹೇಳಿದಳು. ಅವನು ಇರಲಿ ಬಿಡು ಎಂದ.